ಬೈಬಲ್ ವ್ಯಾಖ್ಯಾನಗಳ ಆಯ್ಕೆ ಮತ್ತು ಕನ್ನಡದ ಪದಗಳು: ಬೀದರ ಪರಿಸರದ ಹಿನ್ನೆಲೆಯಲ್ಲಿ

ಬೀದರ ನಗರದ ಪೂರ್ವಕ್ಕಿರುವ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳಿವೆ. ಅವುಗಳಲ್ಲಿ ೧೪೩೬ರಲ್ಲಿ ತೀರಿಕೊಂಡ ಅಹ್ಮದ್ ಶಾ ವಲಿಯ ಗುಮ್ಮಟದ ಒಳಭಾಗದಲ್ಲಿ ಸೂಫಿ ಗುರುಪರಂಪರೆಯ ವಿವರಗಳೂ ಪಾರಸಿ ಪದ್ಯಗಳೂ ಇವೆ. ಈ ಸುಲ್ತಾನನನ್ನು ಮುಸ್ಲಿಮರು ವಲಿಯೆಂದೂ ಲಿಂಗಾಯತ ಭಕ್ತರು ಅಲ್ಲಮಪ್ರಭುವೆಂದೂ ನಂಬಿ ನಡೆದುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ನಡೆಯುವ ಉರುಸಿನಲ್ಲಿ ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರಿಗೆ ಮುಖ್ಯ ಪಾತ್ರವಿದೆ. ಇಂತಹ ಪರಿಸರದಲ್ಲಿ ಧಾರ್ಮಿಕ ಪದವೊಂದನ್ನು ಯಾವ ಸಮುದಾಯದವರು ಆಡಿದರೂ ಅದರ ಹಿಂದೆ ಮತ್ತೊಂದು ಸಮುದಾಯದ ಅರ್ಥವೂ ನಿಂತಿರುತ್ತದೆ. ಬೀದರ, ಭಾಲ್ಕಿ, ಔರಾದ ಭಾಗದ ಕ್ರೈಸ್ತ ಸಭೆಗಳಲ್ಲಿ ಬೋಧಿಸುವವರು ಬೈಬಲ್ ವ್ಯಾಖ್ಯಾನಗಳನ್ನು ಆಯ್ದುಕೊಳ್ಳುವಾಗ ಎದುರಿಸುವ ಮೊದಲ ತೊಡಕು ಇದೇ ಆಗಿದೆ. ಅವರ ಕೈಯಲ್ಲಿರುವ ಮೂಲಗ್ರಂಥ ಕನ್ನಡದ್ದು. ಅದನ್ನು ವಿವರಿಸುವ ಗ್ರಂಥಗಳು ಬಹುಪಾಲು ಇಂಗ್ಲಿಷಿನವು. ಆ ವ್ಯಾಖ್ಯಾನಗಳು ಗ್ರೀಕ್ ಅಥವಾ ಹೀಬ್ರೂ ಪದವನ್ನು ವಿವರಿಸುತ್ತವೆಯೇ ಹೊರತು ಸಭೆಯ ಕಿವಿಗೆ ಬಿದ್ದ ಕನ್ನಡ ಪದವನ್ನು ವಿವರಿಸುವುದಿಲ್ಲ.

ಕನ್ನಡ ಬೈಬಲಿನ ಪದಗಳಿಗೆ ಸುಮಾರು ಎರಡು ಶತಮಾನಗಳ ಇತಿಹಾಸವಿದೆ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಹೊಸ ಒಡಂಬಡಿಕೆ ೧೮೨೧ರಲ್ಲಿಯೂ ಸಂಪೂರ್ಣ ಬೈಬಲ್ ೧೮೩೧ರಲ್ಲಿಯೂ ಹೊರಬಂದವು. ಅನಂತರ ಬಾಸೆಲ್ ಮಿಷನ್ನಿನವರು ಪರಿಷ್ಕರಣೆಯಲ್ಲಿ ತೊಡಗಿದರು. ಈ ಅನುವಾದಕರು ವೀರಶೈವ, ಜೈನ, ವೈಷ್ಣವ ಸಾಹಿತ್ಯಗಳಲ್ಲಿ ಆಗಲೇ ಬಳಕೆಯಲ್ಲಿದ್ದ ಪದಗಳನ್ನೇ ಎತ್ತಿಕೊಳ್ಳಬೇಕಾಯಿತು. ಬೇರೆ ದಾರಿಯೂ ಇರಲಿಲ್ಲ.

'ದೀಕ್ಷಾಸ್ನಾನ' ಎಂಬ ಪದವನ್ನು ಗಮನಿಸಬಹುದು. ಗ್ರೀಕಿನ 'ಬಾಪ್ಟಿಜೋ' ಎಂಬ ಕ್ರಿಯಾಪದಕ್ಕೆ ಮುಳುಗಿಸು, ಅದ್ದು ಎಂಬುದೇ ಮೂಲಾರ್ಥ. ಅದರಲ್ಲಿ ದೀಕ್ಷೆಯ ಭಾವವಿಲ್ಲ. ಅದೇ ಧಾತುವಿನಿಂದ ಬಂದ ಯೋಹಾನನ ಬಿರುದು ಕನ್ನಡದಲ್ಲಿ 'ಸ್ನಾನಿಕ' ಎಂದಷ್ಟೇ ಆಗಿದೆ. ಎಂದರೆ ವ್ಯಕ್ತಿಯ ಹೆಸರಿನಲ್ಲಿ ಸ್ನಾನ ಮಾತ್ರ ಉಳಿದು, ಸಂಸ್ಕಾರದ ಹೆಸರಿನಲ್ಲಿ ದೀಕ್ಷೆ ಬಂದು ಸೇರಿಕೊಂಡಿದೆ. ಇಂಗ್ಲಿಷ್ ವ್ಯಾಖ್ಯಾನಗಳು ಇಲ್ಲಿ ಚರ್ಚಿಸುವುದು ಮುಳುಗಿಸಬೇಕೆ ಚಿಮುಕಿಸಬೇಕೆ, ಶಿಶುಗಳಿಗೆ ಕೊಡಬಹುದೆ ಎಂಬ ಪ್ರಶ್ನೆಗಳನ್ನು. ಬಸವಕಲ್ಯಾಣವನ್ನು ಒಳಗೊಂಡ ಜಿಲ್ಲೆಯ ಕೇಳುಗನಿಗಾದರೋ ದೀಕ್ಷೆಯೆಂದೊಡನೆ ನೆನಪಾಗುವವರು ಗುರು, ಕೊರಳಿಗೆ ಬರುವ ಇಷ್ಟಲಿಂಗ, ಕಿವಿಯಲ್ಲಿ ಉಸುರಿದ ಮಂತ್ರ. ದೀಕ್ಷೆಯಿಂದ ಪೂರ್ವಾಶ್ರಯ ಅಳಿಯುತ್ತದೆ, ದೀಕ್ಷೆ ಪಡೆದವನ ಹಿಂದಿನ ಜಾತಿಯನ್ನು ಎತ್ತಿ ಆಡಬಾರದು ಎಂಬುದು ಶರಣರ ನಿಲುವು. ಗಲಾತ್ಯದವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ಪೌಲನೂ ದೀಕ್ಷಾಸ್ನಾನದ ಮಾತಿನ ಬೆನ್ನಿಗೇ ಯೆಹೂದ್ಯ-ಗ್ರೀಕ, ದಾಸ-ಸ್ವತಂತ್ರ ಎಂಬ ಭೇದಗಳನ್ನು ತಳ್ಳಿಹಾಕುತ್ತಾನೆ. ಈ ಭಾಗದ ಕ್ರೈಸ್ತರಲ್ಲಿ ಬಹುಮಂದಿ ದಲಿತ ಸಮುದಾಯಗಳಿಂದ ಬಂದವರು. ಪೂರ್ವಾಶ್ರಯ ನಿಜವಾಗಿಯೂ ಅಳಿಯಿತೆ ಎಂಬುದು ಅವರ ಪಾಲಿಗೆ ದೇವತಾಶಾಸ್ತ್ರದ ಪ್ರಶ್ನೆ ಮಾತ್ರವಲ್ಲ, ನಿತ್ಯಜೀವನದ ಪ್ರಶ್ನೆಯೂ ಹೌದು.

ಆದರೆ ಈ ಸಾಮ್ಯದಲ್ಲಿ ಒಂದು ಅಪಾಯವೂ ಇದೆ. ದೀಕ್ಷೆಯೆಂದರೆ ಇದೇ, ಅದೇ ಎಂದು ಪ್ರಸಂಗಿಯು ಸಲೀಸಾಗಿ ಸಮೀಕರಿಸಿಬಿಡಬಹುದು. ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಈ ಸಂಸ್ಕಾರವು ಕ್ರಿಸ್ತನೊಡನೆ ಸತ್ತು ಹೂಳಲ್ಪಡುವುದಕ್ಕೆ ಸಂಬಂಧಿಸಿದ್ದು. ಲಿಂಗದೀಕ್ಷೆಯಲ್ಲಿ ಆ ಅರ್ಥವಿಲ್ಲ. ಭಾಷಾಶಾಸ್ತ್ರೀಯ ವ್ಯಾಖ್ಯಾನದ ಉಪಯೋಗ ಇಲ್ಲಿದೆ. ಅದು ಕೊಡುವುದಕ್ಕಿಂತ ತಡೆಯುವುದು ಹೆಚ್ಚು.

'ನೀತಿ' ಎಂಬ ಪದದ್ದು ಬೇರೆ ಬಗೆಯ ಸಮಸ್ಯೆ. ಗ್ರೀಕಿನ 'ದಿಕಾಯೊಸುನೆ' ಕನ್ನಡ ಬೈಬಲಿನಲ್ಲಿ ನೀತಿಯಾಗಿದೆ. ಕನ್ನಡದ ಓದುಗನಿಗೆ ನೀತಿಯೆಂದರೆ ಸನ್ನಡತೆ, ಶತಕಗಳು ಹೇಳುವ ಲೋಕನೀತಿ. ದೇವರ ನೀತಿಯು ನಂಬಿಕೆಯ ಮೂಲಕ ದೊರೆಯುವುದೆಂಬ ಪೌಲನ ವಾದ ಈ ಅರ್ಥದಲ್ಲಿ ಹೊಂದುವುದೇ ಇಲ್ಲ. ಇಂಟರ್‌ನ್ಯಾಷನಲ್ ಕ್ರಿಟಿಕಲ್ ಕಾಮೆಂಟರಿ ಮಾಲೆಯಲ್ಲಿ ಕ್ರ್ಯಾನ್‌ಫೀಲ್ಡ್ ಅವರು (೧೯೭೫, ೧೯೭೯) ಇದನ್ನು ದೇವರು ಮನುಷ್ಯನಿಗೆ ಅನುಗ್ರಹಿಸುವ ಸ್ಥಾನವೆಂದು ಅರ್ಥೈಸಿದರೆ, ೧೯೮೮ರಲ್ಲಿ ಪ್ರಕಟವಾದ ಜೇಮ್ಸ್ ಡನ್ ಅವರ ವ್ಯಾಖ್ಯಾನವು ತನ್ನ ಒಡಂಬಡಿಕೆಗೆ ದೇವರು ತೋರುವ ನಿಷ್ಠೆಯನ್ನು ಮುಂದಿಡುತ್ತದೆ. ಒಂದನ್ನು ಮಾತ್ರ ಓದಿದವರ ಪ್ರಸಂಗ ಪಾಪಿಯ ಬಿಡುಗಡೆಯ ಕಡೆಗೂ, ಮತ್ತೊಂದನ್ನು ಮಾತ್ರ ಓದಿದವರದ್ದು ಜನಾಂಗಗಳ ನಡುವಣ ಗೋಡೆಯ ಕಡೆಗೂ ಹೊರಳುತ್ತದೆ. ಆದ್ದರಿಂದ ವ್ಯಾಖ್ಯಾನಕಾರನು ತಾನು ಒಪ್ಪದ ಅರ್ಥವನ್ನೂ ಓದುಗನ ಮುಂದಿಡುತ್ತಾನೆಯೆ ಎಂಬುದು ಆಯ್ಕೆಯ ಮುಖ್ಯ ಪರೀಕ್ಷೆಯಾಗಬೇಕು. ಅಧ್ಯಯನಕ್ಕೆ ಇದು ತೀರ ಅಗತ್ಯ. ಪಾಠ ಹೇಳುವವರಿಗೆ ವಾದಗಳಿಗಿಂತ ಅಧ್ಯಾಯದ ಅನ್ವಯವನ್ನು ಬಿಡಿಸಿ ತೋರಿಸುವ ಕೃತಿ ಸಾಕಾಗಬಹುದು. ಸಿದ್ಧ ಪ್ರಸಂಗಗಳ ಚೌಕಟ್ಟುಗಳನ್ನು ಒದಗಿಸುವ ಪುಸ್ತಕಗಳನ್ನಂತೂ ವ್ಯಾಖ್ಯಾನವೆಂದು ಕರೆಯುವುದು ಕಷ್ಟ.

ಬೀದರ ಭಾಗದಲ್ಲಿ ಮೆಥೋಡಿಸ್ಟ್ ಪರಂಪರೆ ಪ್ರಬಲವಾಗಿರುವುದರಿಂದ ಜಾನ್ ವೆಸ್ಲಿಯ ಹೊಸ ಒಡಂಬಡಿಕೆಯ ಟಿಪ್ಪಣಿಗಳನ್ನು (೧೭೫೫) ಪ್ರತ್ಯೇಕವಾಗಿ ಹೇಳಬೇಕು. ಜರ್ಮನಿಯ ಬೆಂಗೆಲ್‌ನ ಲ್ಯಾಟಿನ್ ಕೃತಿಗೆ (೧೭೪೨) ಬಹಳಷ್ಟು ಋಣಿಯಾಗಿರುವ ಈ ಟಿಪ್ಪಣಿಗಳನ್ನು, ಮಾತೃಭಾಷೆಯೊಂದನ್ನೇ ಬಲ್ಲ ಸಾಮಾನ್ಯರಿಗಾಗಿ ಬರೆದುದಾಗಿ ವೆಸ್ಲಿ ಹೇಳಿಕೊಂಡಿದ್ದಾನೆ. ಆ ಮಾತೃಭಾಷೆ ಇಂಗ್ಲಿಷ್ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಅಲ್ಲದೆ ವೆಸ್ಲಿ, ೧೭೧೪ರಲ್ಲಿ ತೀರಿಕೊಂಡ ಮ್ಯಾಥ್ಯೂ ಹೆನ್ರಿ, ಮೆಥೋಡಿಸ್ಟನೇ ಆದ ಆಡಮ್ ಕ್ಲಾರ್ಕ್ ಮೊದಲಾದವರ ಕೃತಿಗಳು ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಸುಲಭವಾಗಿ ಸಿಗುತ್ತವೆ. ಅವು ಹೆಚ್ಚು ಬಳಕೆಯಾಗುವುದಕ್ಕೆ ಬೆಲೆಯೂ ಒಂದು ಕಾರಣ. ಭಕ್ತಿಗೆ ಅವು ಇಂದಿಗೂ ಪೋಷಕವೇ. ಆದರೆ ೧೯ನೆಯ ಶತಮಾನದ ಕೊನೆಯಿಂದ ಈಜಿಪ್ಟಿನಲ್ಲಿ ದೊರೆತ ಪಪೈರಸ್ ಬರಹಗಳಾಗಲಿ ೧೯೪೭ರಿಂದ ದೊರೆತ ಮೃತ ಸಮುದ್ರದ ಸುರುಳಿಗಳಾಗಲಿ ಅವರಿಗೆ ಗೊತ್ತಿರಲಿಲ್ಲ. ಪದಾರ್ಥದ ವಿಷಯದಲ್ಲಿ ಅವರನ್ನು ಅಂತಿಮ ಪ್ರಮಾಣವಾಗಿ ಹಿಡಿಯುವುದು ಸರಿಯಲ್ಲ.

ನಮ್ಮ ನೆಲಕ್ಕೆ ಹತ್ತಿರದ ಪ್ರಯತ್ನಗಳೂ ನಡೆದಿವೆ. ಬ್ರಯಾನ್ ವಿಂಟಲ್ ಅವರ ಪ್ರಧಾನ ಸಂಪಾದಕತ್ವದ ಒಂದೇ ಸಂಪುಟದ ಸೌತ್ ಏಷಿಯಾ ಬೈಬಲ್ ಕಾಮೆಂಟರಿ (೨೦೧೫) ದಕ್ಷಿಣ ಏಷ್ಯಾದ ಧರ್ಮ ಮತ್ತು ಸಮಾಜಗಳ ನಡುವೆ ಬೈಬಲನ್ನು ಓದುತ್ತದೆ. ಆದರೂ ಅದು ಇಂಗ್ಲಿಷಿನಲ್ಲಿ ಬರೆದುದು. ಪೌಲನು ತನ್ನನ್ನು ಕ್ರಿಸ್ತನ 'ದೂಲೊಸ್' ಎಂದು ಕರೆದುಕೊಂಡದ್ದು ಕನ್ನಡದಲ್ಲಿ 'ದಾಸ'ನಾಗಿದೆ. ಇದರಲ್ಲಿ ಹರಿದಾಸರ ಗೌರವದ ಧ್ವನಿಯಿದೆ. ಗ್ರೀಕ್ ಪದದಲ್ಲಿದ್ದದ್ದು ಕೊಂಡು ಮಾರುವ ಆಳಿನ ಸ್ಥಿತಿ. ಜೀತದ ನೆನಪು ಇನ್ನೂ ಆರದ ಕುಟುಂಬಗಳ ಮುಂದೆ ಈ ಎರಡರಲ್ಲಿ ಯಾವುದನ್ನು ಎತ್ತಬೇಕೆಂಬುದನ್ನು ಇಂಗ್ಲಿಷ್ ಗ್ರಂಥ ಹೇಳಲಾರದು.

ಕನ್ನಡದ ಟೀಕಾಪರಂಪರೆಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ. ಹದಿನೈದನೆಯ ಶತಮಾನದಿಂದೀಚೆಗೆ ವಚನಗಳನ್ನು ಷಟ್‌ಸ್ಥಲಗಳಿಗೆ ಅಳವಡಿಸಿದ ಸಂಕಲನಕಾರರಲ್ಲಿ ಒಂದೇ ವಚನ ಬೇರೆ ಬೇರೆ ಸ್ಥಲಗಳಲ್ಲಿ ಕಾಣಿಸಿಕೊಳ್ಳುತ್ತದೆ. ಸ್ಥಲ ಬದಲಾದಂತೆ ಅರ್ಥವೂ ಸರಿಯುತ್ತದೆ. ಬೆಡಗಿನ ವಚನಗಳ ಟೀಕಾಕಾರರು ಒಂದೊಂದು ಪದವನ್ನೂ ಬಿಡಿಸಿ ಅರ್ಥ ಹೇಳಿದರು. ಈ ಪದ್ಧತಿಗಳನ್ನು ಬಲ್ಲ ಕನ್ನಡ ವಿಭಾಗಗಳು ಮಿಷನರಿಗಳ ನಿಘಂಟು, ವ್ಯಾಕರಣ, ಪತ್ರಿಕೆಗಳನ್ನು ಅಧ್ಯಯನ ಮಾಡಿದಷ್ಟು ಕನ್ನಡ ಬೈಬಲಿನ ಅರ್ಥಲೋಕವನ್ನು ಅಧ್ಯಯನ ಮಾಡಿಲ್ಲ. ಸದ್ಯಕ್ಕೆ ಬೀದರದ ಬೋಧಕರಿಗೆ ಸಿಗುವ ಸಮೀಪದ ನೆರವು ಕಿಟೆಲ್ ಅವರ ೧೮೯೪ರ ನಿಘಂಟು. ಅದು ಬೈಬಲ್ ವ್ಯಾಖ್ಯಾನವಲ್ಲ. ಆದರೆ ಪದಗಳಿಗೆ ಕನ್ನಡ ಕಾವ್ಯ, ಶಾಸ್ತ್ರಗಳ ಪ್ರಯೋಗಗಳನ್ನು ಸೂಚಿಸುವ ಆ ಕೃತಿಯನ್ನು ಗ್ರೀಕ್ ಆಧಾರಿತ ವ್ಯಾಖ್ಯಾನದ ಪಕ್ಕದಲ್ಲಿಟ್ಟುಕೊಂಡು ಓದಿದರೆ, ದೀಕ್ಷೆ, ನೀತಿ, ದಾಸ ಎಂಬ ಪದಗಳಲ್ಲಿ ಅನುವಾದಕರು ಎಲ್ಲಿಂದ ಏನನ್ನು ತಂದರೆಂಬುದು ಕಾಣತೊಡಗುತ್ತದೆ.