ಅಂಧರೂ ಗುಪ್ತಮತವೂ

2024ರ ಎಪ್ರಿಲ್ 26ರಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮತದಾರರು ಲೋಕಸಭೆಗೆ ಮತವಿತ್ತರಷ್ಟೆ. ಮನೆಯ ಅಂಧರನ್ನು ಕೈಹಿಡಿದು ಮತಗಟ್ಟೆಗೆ ಕರೆದೊಯ್ಯುವುದು ಗೃಹಸ್ಥಧರ್ಮವೇ ಸರಿ. ಗುಂಡಿಯನ್ನೂ ತಾವೇ ಒತ್ತಿಬಿಡುವುದು ಮಾತ್ರ ನಮಗೆ ಸಮ್ಮತವಲ್ಲ.

ಮತಯಂತ್ರದಲ್ಲಿ ನೀಲಿ ಗುಂಡಿಗಳ ಪಕ್ಕಕ್ಕೆ 1ರಿಂದ 16ರವರೆಗಿನ ಅಂಕಿಗಳು ಬ್ರೈಲ್ ಚುಕ್ಕಿಗಳಾಗಿ ಉಬ್ಬಿರುತ್ತವೆ. ಕೇಳಿದವರಿಗೆ ಅಭ್ಯರ್ಥಿಗಳ ಹೆಸರುಳ್ಳ ಬ್ರೈಲ್ ಹಾಳೆಯನ್ನೂ ಅಧಿಕಾರಿಗಳು ಕೊಡುವರು. ಅದನ್ನು ಬೆರಳಿನಿಂದ ಓದಿ, ಕ್ರಮಾಂಕವನ್ನರಿತು, ಯಂತ್ರದಲ್ಲಿ ಅದೇ ಅಂಕಿಯನ್ನು ಹುಡುಕಿ ಒತ್ತಿದರಾಯಿತು. ಮತವು ಮಡದಿಗೂ ಮಗನಿಗೂ ತಿಳಿಯದು.

ಮುಪ್ಪಿನಲ್ಲಿ ದೃಷ್ಟಿಗೆಟ್ಟವರು ಬ್ರೈಲ್ ಕಲಿತಿರುವುದೆಲ್ಲಿ? ಅಂಥವರಿಗೆ ನಿಯಮವು 18 ವರ್ಷ ತುಂಬಿದ ಸಂಗಾತಿಯೊಬ್ಬನನ್ನು ಅನುಮತಿಸುತ್ತದೆ. ಆತನು ಗುಟ್ಟು ಕಾಯುವೆನೆಂದು ಬರೆದುಕೊಡತಕ್ಕದ್ದು. ಅಂದು ಮತ್ತೊಬ್ಬರಿಗೆ ಸಂಗಾತಿಯಾಗತಕ್ಕದ್ದಲ್ಲ.

ಒಂದು ಕೊರತೆಯುಂಟು. ಮತವು ಯಾರಿಗೆ ಬಿದ್ದಿತೆಂದು ತೋರಿಸುವ ಕಾಗದದ ಚೀಟಿಯು ಗಾಜಿನ ಹಿಂದೆ 7 ಸೆಕೆಂಡು ಕಣ್ಣುಳ್ಳವರಿಗಷ್ಟೇ ಕಾಣುವುದು. ಅಂಧರ ಪಾಲಿಗೆ ಯಂತ್ರದ ‘ಬೀಪ್’ ಧ್ವನಿಯೊಂದೇ.