ಮಾಣಿಕ್ಯವಲ್ಲ, ಅದಕ್ಕೂ ಮಿಗಿಲು!

ಬ್ರಿಟನ್ನಿನ ರಾಜಕಿರೀಟದ ಮುಂಭಾಗದಲ್ಲಿ ಕೆಂಡದಂತೆ ಹೊಳೆಯುವ ಒಂದು ದೊಡ್ಡ ಹರಳಿದೆ. ಅದರ ಹೆಸರು ‘ಬ್ಲ್ಯಾಕ್ ಪ್ರಿನ್ಸ್‌ನ ಮಾಣಿಕ್ಯ’. 1415ರ ಅಜಿನ್‌ಕೋರ್ಟ್ ಕದನಕ್ಕೆ ಐದನೇ ಹೆನ್ರಿ ಇದನ್ನು ಧರಿಸಿಯೇ ಹೋಗಿದ್ದನಂತೆ. ಆದರೆ ಅದು ಮಾಣಿಕ್ಯವೇ ಅಲ್ಲ, ಸ್ಪಿನೆಲ್ ಎಂಬ ಬೇರೆಯೇ ಖನಿಜ! ಜಹಾಂಗೀರ್, ಶಾಹಜಹಾನರ ಹೆಸರು ಕೆತ್ತಿರುವ, 350 ಕ್ಯಾರೆಟ್ ದಾಟಿದ ‘ತೈಮೂರ್ ಮಾಣಿಕ್ಯ’ವೂ ಸ್ಪಿನೆಲ್ಲೇ!

ಮಧ್ಯ ಏಷ್ಯಾದ ಬದಕ್‌ಶಾನಿನ ಬೆಟ್ಟಗಳಿಂದ ಬರುತ್ತಿದ್ದ ಈ ಕಲ್ಲನ್ನು ಪೂರ್ವದವರು ‘ಲಾಲ್’ ಎಂದು ಕರೆದು, ಮಾಣಿಕ್ಯದಿಂದ ಬೇರೆಯಾಗಿಯೇ ಗುರುತಿಸುತ್ತಿದ್ದರು. ಹನ್ನೊಂದನೇ ಶತಮಾನದ ವಿದ್ವಾಂಸ ಅಲ್-ಬಿರೂನಿಗೆ ಈ ಭೇದ ಗೊತ್ತಿತ್ತು. ಯುರೋಪಿನಲ್ಲಿ ಅದನ್ನು ಖಚಿತಪಡಿಸಲು 1783ರಲ್ಲಿ ಫ್ರಾನ್ಸಿನ ಖನಿಜತಜ್ಞ ರೋಮೆ ದ ಲಿಲ್ ಬರಬೇಕಾಯಿತು. ಕಣ್ಣು ಮೋಸಹೋಗುವುದು ಸಹಜವೇ: ಎರಡಕ್ಕೂ ಕೆಂಪು ಬರುವುದು ಕ್ರೋಮಿಯಮ್‌ನಿಂದ, ಎರಡೂ ಹಲವೆಡೆ ಒಂದೇ ಅಮೃತಶಿಲೆಯೊಳಗೆ ಹುಟ್ಟುತ್ತವೆ. ಆದರೆ ಮಾಣಿಕ್ಯ ತನ್ನೊಳಗೆ ಬಂದ ಬೆಳಕಿನ ಕಿರಣವನ್ನು ಎರಡಾಗಿ ಸೀಳುತ್ತದೆ; ಸ್ಪಿನೆಲ್ ಸೀಳುವುದಿಲ್ಲ.

ಏಕೆ? ಇಲ್ಲಿಂದಲೇ ನಿಜವಾದ ಬೆರಗು ಶುರು. 1915ರಲ್ಲಿ ಎಕ್ಸ್-ಕಿರಣಗಳ ನೆರವಿನಿಂದ ಇಂಗ್ಲೆಂಡಿನ ಬ್ರಾಗ್, ಜಪಾನಿನ ನಿಶಿಕಾವಾ ಬೇರೆಬೇರೆಯಾಗಿಯೇ ಸ್ಪಿನೆಲ್‌ನ ಒಳಗನ್ನು ಕಂಡರು. ಅಲ್ಲಿದ್ದದ್ದು ಎಲ್ಲ ದಿಕ್ಕಿಗೂ ಸಮನಾದ ಘನಾಕೃತಿಯ ಕಟ್ಟಡ: 32 ಆಕ್ಸಿಜನ್ ಪರಮಾಣುಗಳ ನಡುವಿನ ಕೋಣೆಗಳಲ್ಲಿ 8 ಮೆಗ್ನೀಸಿಯಮ್, 16 ಅಲ್ಯೂಮಿನಿಯಮ್. ಕಟ್ಟಡ ಹಾಗೆಯೇ ಇರಲಿ, ಒಕ್ಕಲು ಮಾತ್ರ ಬದಲಾಗಲಿ; ಆಗ ನೋಡಿ! ಅಲ್ಯೂಮಿನಿಯಮ್ ಇದ್ದಲ್ಲಿ ಚೂರೇಚೂರು ಕ್ರೋಮಿಯಮ್ ಸೇರಿದರೆ ಕೆಂಪು, ಕೋಬಾಲ್ಟ್‌ನ ಸುಳಿವಿದ್ದರೆ ವಿಯೆಟ್ನಾಮಿನ ಲುಕ್ ಯೆನ್‌ನಲ್ಲಿ ಸಿಗುವಂಥ ಕಡುನೀಲಿ. ಕ್ರೋಮಿಯಮ್ಮೇ ತುಂಬಿಕೊಂಡು, ಮೆಗ್ನೀಸಿಯಮ್‌ನ ಜಾಗಕ್ಕೆ ಕಬ್ಬಿಣ ಬಂತೋ, ಅದು ಕಪ್ಪು ಕ್ರೋಮೈಟ್. ಹಾಸನ ಜಿಲ್ಲೆಯ ಭೈರಾಪುರದಲ್ಲಿ ಅಗೆದು ತೆಗೆದ ಅದಿರು ಅದೇ! ಎಲ್ಲ ಕೋಣೆಗಳಲ್ಲೂ ಕಬ್ಬಿಣವೇ ನೆಲೆಸಿದರೆ ಮ್ಯಾಗ್ನಟೈಟ್: ಕುದುರೆಮುಖದ ಅದಿರು, ಕಬ್ಬಿಣವನ್ನು ಸೆಳೆಯುವ ಸೂಜಿಗಲ್ಲು. ಉತ್ತರ-ದಕ್ಷಿಣ ಅರಿತು ಈಜುವ ಕೆಲವು ಬ್ಯಾಕ್ಟೀರಿಯಾಗಳು ತಮ್ಮೊಳಗೆ ಸಾಲಾಗಿ ಕಟ್ಟಿಕೊಳ್ಳುವ ದಿಕ್ಸೂಚಿಯೂ ಇದೇ ಹರಳು! ಕಿರೀಟದ ಮಣಿ, ಮಲೆನಾಡಿನ ಅದಿರು, ಕಣ್ಣಿಗೆ ಕಾಣದ ಜೀವಿ—ಮೂರಕ್ಕೂ ಒಂದೇ ನಕ್ಷೆ ಎಂದರೆ ಮೈ ನವಿರೇಳುತ್ತದೆ.

ಸ್ಪಿನೆಲ್ ಅನ್ನು ‘ಮಾಣಿಕ್ಯದ ನಕಲು’ ಎನ್ನುವವರನ್ನು ನಾನು ಒಪ್ಪಲಾರೆ. ಮಾಣಿಕ್ಯದ ನಕ್ಷೆಗೆ ಇಷ್ಟು ದೂರದ ಹರವಿಲ್ಲ.

ಇನ್ನೂ ಆಳಕ್ಕೆ ಇಳಿಯೋಣ. ನೆಲದಡಿ ಸುಮಾರು 525ರಿಂದ 660 ಕಿಲೋಮೀಟರ್‌ವರೆಗೆ, ಅಸಾಧ್ಯ ಒತ್ತಡದಲ್ಲಿ, ಆಲಿವೀನ್ ಎಂಬ ಹಸಿರು ಖನಿಜವೂ ಸ್ಪಿನೆಲ್‌ನ ಕಟ್ಟಡಕ್ಕೇ ಒಗ್ಗಿಕೊಂಡು ರಿಂಗ್‌ವುಡೈಟ್ ಆಗುತ್ತದೆ. ಉಲ್ಕಾಶಿಲೆಗಳಲ್ಲಷ್ಟೇ ಸಿಕ್ಕಿದ್ದ ಅದರ ಕಣವೊಂದು ಬ್ರೆಜಿಲ್‌ನ ವಜ್ರದೊಳಗೆ ಸೆರೆಯಾಗಿ ಮೇಲೆ ಬಂದಿರುವ ಸುದ್ದಿ 2014ರಲ್ಲಿ ಪ್ರಕಟವಾಯಿತು. ಆ ಕಣದ ತೂಕದಲ್ಲಿ ಶೇಕಡಾ ಒಂದಕ್ಕಿಂತ ಹೆಚ್ಚು ಪಾಲು ನೀರಿನದು.