ಬೀಗದ ಕೈ ಜೊತೆ ಸೆಲ್ ಇಡಬೇಡಿ

ಇ-ಸಿಗರೇಟು ಮಾರೋದನ್ನ ನಮ್ಮ ದೇಶ 2019ರಲ್ಲೇ ನಿಷೇಧಿಸಿತು. ಅದನ್ನ ಸೇದಿ ಅಂತ ನಾನು ಹೇಳ್ತಿಲ್ಲ. ಆದರೆ ನೋಡಿ, ಅಂಥ ಎಷ್ಟೋ ಸಾಧನಗಳಲ್ಲಿರುವ 18650 ಸೆಲ್ ನಿಮ್ಮ ಮನೆಯ ಟಾರ್ಚಿನಲ್ಲೂ ಇರಬಹುದು. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಹೆಸರಿನ ಗುಟ್ಟು ಇಷ್ಟೇ. ಮೇಲೆ 9900 ಎಂಎಎಚ್ ಅಂತ ಬರೆದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಈ ಗಾತ್ರದಲ್ಲಿ ಒಳ್ಳೆಯ ಕಂಪನಿಗಳೇ 3500ರ ಆಸುಪಾಸಿನಲ್ಲಿವೆ. ಹೊರಗೇ ಸುಳ್ಳು ಬರೆಯೋನು ಒಳಗೆ ಏನು ತುಂಬಿರ್ತಾನೋ!

ನನಗೆ ಹೆಚ್ಚು ಭಯ ಜೇಬಿನದ್ದು. ಸೆಲ್ಲಿನ ಒಂದು ತುದಿ ಮಾತ್ರ ಪ್ಲಸ್, ಉಳಿದ ಲೋಹದ ಮೈಯೆಲ್ಲ ಮೈನಸ್. ಮೇಲಿನ ತೆಳು ಪ್ಲಾಸ್ಟಿಕ್ ಹೊದಿಕೆ ಹರಿದಿದ್ದು, ಬೀಗದ ಕೈಯೋ ಚಿಲ್ಲರೆಯೋ ಎರಡನ್ನೂ ಮುಟ್ಟಿತೋ, ಶಾರ್ಟ್ ಆಗಿ ಸೆಲ್ ಕಾಯುತ್ತೆ, ಬೆಂಕಿ ತೊಡೆಗೇ ಹತ್ತುತ್ತೆ. ಬಿಡಿ ಸೆಲ್ಲಿಗೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಸಾಕು. ಚಾರ್ಜಿಗೆ ಹಾಕಿ ಮಲಗೋದಂತೂ ಬೇಡವೇ ಬೇಡ.